ಬ್ಯಾಟರಿ ಅಜ್ಜನ ಪ್ಯಾರಿಸ್

ಬೈಲಹೊಂಗಲ

ಪ್ಯಾರಿಸ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಬೈದು ಕಳಿಸಿದ್ದೇನೆ. ಪಾಪ, ಅವರ ತಪ್ಪೇನೂ ಇರಲಿಲ್ಲ. ವಿದೇಶಕ್ಕೆ ಹೋಗಿ ಬಂದವಳು ಆ ಕಬ್ಬಿಣದ ಗೋಪುರದ ಎತ್ತರ ಹೇಳಲಿ, ನಾಲ್ಕು ಚಾಕಲೇಟು ಕೊಡಲಿ ಎಂದು ಬಂದವರು. ನನ್ನ ಹತ್ತಿರ ಇದ್ದದ್ದು ಸಿಟ್ಟು ಒಂದೇ. ಅದು ಇವತ್ತಿಗೂ ಇಳಿದಿಲ್ಲ. ಆದ್ದರಿಂದ ಗೋಪುರದ ಎತ್ತರ ಬೇಕಾದವರು ಇದನ್ನು ಓದುವುದು ಬೇಡ.

ಬೈಲಹೊಂಗಲದ ಬಜಾರದಲ್ಲಿ ನಮ್ಮದು ಬ್ಯಾಟರಿ ಅಂಗಡಿ. ಮಾವನವರ ಕಾಲದಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ಚಾರ್ಜ್ ಮಾಡಿಕೊಡುವ ಸಣ್ಣ ಖೋಲಿ ಅದು. ನಮ್ಮ ಯಜಮಾನರು ಬೆಳೆಸಿದರು. ಕರೆಂಟು ಇದ್ದರೆ ಹಬ್ಬ ಎನ್ನುವಂಥ ಆ ವರ್ಷಗಳಲ್ಲಿ ಇನ್ವರ್ಟರ್ ಬಂದಿತ್ತು. ಡಾಕ್ಟರು, ವಕೀಲರು, ಸೀರೆ ಅಂಗಡಿಯವರು ಎಲ್ಲರೂ ಒಂದೊಂದು ಒಯ್ದರು. ಹೊಸ ಬ್ಯಾಟರಿ ಒಯ್ಯುವವರು ಹಳೆಯದನ್ನು ನಮ್ಮಲ್ಲೇ ಬಿಟ್ಟುಹೋಗುವರು. ಕಿತ್ತೂರು, ಸವದತ್ತಿ, ರಾಮದುರ್ಗದ ಅಂಗಡಿಯವರೂ ತಮ್ಮಲ್ಲಿ ಕೂಡಿದ ಹಳೆಯ ಬ್ಯಾಟರಿಗಳನ್ನು ಟೆಂಪೋದಲ್ಲಿ ನಮ್ಮಲ್ಲಿಗೇ ಕಳಿಸುತ್ತಿದ್ದರು. ನಮ್ಮ ಹಿತ್ತಲಿನಲ್ಲಿ ಭಟ್ಟಿ ಇತ್ತು. ಯಜಮಾನರೂ ನಮ್ಮಲ್ಲಿ ಕೆಲಸಕ್ಕಿದ್ದ ದಸ್ತಗೀರನೂ ಸೇರಿ ಬ್ಯಾಟರಿ ಒಡೆದು, ಒಳಗಿನ ಸೀಸದ ಪ್ಲೇಟು ತೆಗೆದು, ಕರಗಿಸಿ, ಗಟ್ಟಿ ಹೊಯ್ಯುತ್ತಿದ್ದರು. ಆ ಗಟ್ಟಿಗಳನ್ನು ಕಂಪನಿಯ ಲಾರಿ ಬಂದು ಒಯ್ಯುತ್ತಿತ್ತು. ಭಟ್ಟಿ ಆರಿದ ಮೇಲೆ ಬೂದಿ ಜರಡಿ ಹಿಡಿದು, ಉಳಿದ ಸೀಸದ ಹರಳು ಆರಿಸುವುದು ನನ್ನ ಕೆಲಸ.

ಈ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಸೀಸದ ಹೊಗೆ ಮೈಗೆ ಹತ್ತಬಾರದು ಎಂದರೆ ನಡುನಡುವೆ ಬೆಲ್ಲ ತಿನ್ನಬೇಕು. ಇದು ಕಂಪನಿಯವರೇ ಹೇಳಿದ್ದು. ಕಂಪನಿಯ ಮ್ಯಾನೇಜರ್ ಸಾಹೇಬರು ಹುಬ್ಬಳ್ಳಿಯಿಂದ ಬರುವಾಗಲೆಲ್ಲ ಒಂದು ಪೆಂಟೆ ಬೆಲ್ಲ ತರುತ್ತಿದ್ದರು. ಸುತ್ತಲೂ ಕಬ್ಬು ಬೆಳೆಯುವ ನಮ್ಮೂರಿಗೆ ಹುಬ್ಬಳ್ಳಿಯ ಬೆಲ್ಲ. ನಾನು ನಗುತ್ತಲೇ ತೆಗೆದುಕೊಳ್ಳುತ್ತಿದ್ದೆ. ಪ್ಲೇಟು ಕರಗುತ್ತಿರುವಾಗ ಬೆಲ್ಲ ಒಡೆದು ಬಟ್ಟಲಿನಲ್ಲಿ ಒಯ್ದು ಇಡುತ್ತಿದ್ದೆ. ಇಬ್ಬರೂ ಕರೀ ಕೈಯಿಂದಲೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮತ್ತೆ ಭಟ್ಟಿಗೇ ಹೋಗುವುದಿದೆಯಲ್ಲ, ಈಗೇಕೆ ಕೈ ತೊಳೆಯುವುದು ಎಂದು.

ಇನ್ನು ಅಜ್ಜನ ಮಾತು. ಅಂಗಡಿಯ ಗಲ್ಲಾದ ಮೇಲೆ ಎಲ್ಲಮ್ಮನ ಫೋಟೋದ ಪಕ್ಕದಲ್ಲಿ ಕೋಟು ಹಾಕಿದ ಬಿಳಿಯ ಮನುಷ್ಯನೊಬ್ಬನ ಫೋಟೋ ಇತ್ತು. ಕಂಪನಿಯ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಖಾಲಿಯಾದ ಮೇಲೆ ಮತ್ತೆ ತುಂಬಿಸಬಹುದಾದ ಸೀಸದ ಬ್ಯಾಟರಿಯನ್ನು ಜಗತ್ತಿಗೆ ಮೊದಲು ಮಾಡಿಕೊಟ್ಟ ಫ್ರೆಂಚ್ ವಿಜ್ಞಾನಿ ಅವನು. ಅವನ ಹೆಸರು ನಮ್ಮ ಯಾರ ನಾಲಿಗೆಯ ಮೇಲೂ ಹೊರಳಲಿಲ್ಲ, ಬ್ಯಾಟರಿ ಅಜ್ಜ ಎಂದೇ ಆಯಿತು. ಅಜ್ಜ ಹರೆಯದಲ್ಲಿ ಹಾರಲಾರದ ದೈತ್ಯ ಹಕ್ಕಿಯೊಂದರ ಎಲುಬು ಹುಡುಕಿದ್ದನಂತೆ, ಆಮೇಲೆ ಸೀಸದ ಕಡೆ ಹೊರಳಿದನಂತೆ. ಕಾರಿನ ಬ್ಯಾಟರಿಗೆ ಬಂದ ಧಾರವಾಡದ ಪ್ರೊಫೆಸರರೊಬ್ಬರು ಹೇಳಿದ್ದನ್ನು ನಮ್ಮವರು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಆಯುಧಪೂಜೆಯ ಖಂಡೇನವಮಿಗೆ ಅಜ್ಜನ ಹಣೆಗೂ ಮೂರು ಬೆರಳು ವಿಭೂತಿ.

ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿ ಗಂಡ ಹೆಂಡತಿ ಸಮೇತ ಯುರೋಪಿಗೆ ಕಳಿಸುತ್ತದೆ ಎಂದು ಗೊತ್ತಾದಾಗ ನಮ್ಮವರಿಗೆ ಮೈತುಂಬ ಖುಷಿ. ನನಗೆ ಮಾತ್ರ ಬೇಡವಾಗಿತ್ತು. ವರ್ಷದಿಂದ ಅವರಿಗೆ ಹೊಟ್ಟೆನೋವು. ಬಂದಾಗ ಮಡಚಿ ಕೂಡುತ್ತಿದ್ದರು. ಊರಿನ ಡಾಕ್ಟರು ಗ್ಯಾಸು ಎಂದರು, ಬೆಳಗಾವಿಯ ಡಾಕ್ಟರು ನರದ ತೊಂದರೆ ಎಂದರು, ಇನ್ನೊಬ್ಬರು ಚಿಂತೆ ಬಿಡಿ ಎಂದರು.

"ಹೊಟ್ಟಿ ಹಿಡಕೊಂಡು ಕುಂದರ್ತೀರಿ, ಪ್ಯಾರಿಸ್ ಯಾವ ಸುಖಕ್ಕ ಬೇಕ್ರಿ?" ಎಂದೆ.

"ಅಜ್ಜ ಕೈಯಾರ ಮಾಡಿದ ಬ್ಯಾಟರಿ ಅಲ್ಲಿ ಇಟ್ಟಾರಂತ. ಒಮ್ಮೆ ಕಣ್ಣಿಂದ ನೋಡಿ ಬರತೇನಿ. ಆಮ್ಯಾಲೆ ನೀ ಹೇಳಿದ ಡಾಕ್ಟರಿಗೆ ತೋರಸ್ತೇನಿ, ಆತಿಲ್ಲೋ?" ಎಂದರು.

ಪ್ಯಾರಿಸ್, ಬಸ್ಸಿನೊಳಗೆ

ವಿಮಾನದ ಬಗ್ಗೆ ಹೇಳುವುದೇನಿಲ್ಲ. ಅವರು ಹೊಟ್ಟೆ ಒತ್ತಿಕೊಂಡು ಕುಳಿತಿದ್ದರು, ನಾನು ಅವರ ಮುಖ ನೋಡುತ್ತ ಕುಳಿತಿದ್ದೆ. ಇಳಿದ ಮೇಲೆ ಒಂದು ದೊಡ್ಡ ಬಸ್ಸು. ಅದರ ತುಂಬ ಕರ್ನಾಟಕದ ಮೂಲೆಮೂಲೆಯ ಬ್ಯಾಟರಿ ಅಂಗಡಿಯವರು, ಅವರ ಹೆಂಡಂದಿರು. ಮುಂದೆ ಮೈಕು ಹಿಡಿದು ನಮ್ಮ ಮ್ಯಾನೇಜರ್ ಸಾಹೇಬರು.

ಮೊದಲ ದಿನವೇ ನನ್ನದೊಂದು ಜಗಳವಾಯಿತು. ಹೋಟೆಲಿನ ಪಕ್ಕದ ಅಂಗಡಿಗೆ ಹೋಗಿ ನೀರಿನ ಬಾಟಲಿ ತೋರಿಸಿ "ವಾಟರ್" ಎಂದೆ. ಅಂಗಡಿಯ ಹೆಂಗಸು ಕಂಡೂ ಕಾಣದ ಹಾಗೆ ನಿಂತಳು. ಮತ್ತೊಮ್ಮೆ ಕೇಳಿದೆ. ಆಕೆ ನಿಧಾನವಾಗಿ "ಬೊಂಜೂರ್" ಎಂದಳು. ನೀರು ಕೇಳಿದರೆ ಇನ್ನೇನೋ ಹೇಳುತ್ತಾಳಲ್ಲ ಎಂದು ನಾನು ಅಚ್ಚ ಕನ್ನಡದಲ್ಲಿ ಬೈದೆ. ಆಕೆ ಮತ್ತೆ "ಬೊಂಜೂರ್" ಎಂದಳು. ಹಿಂದೆ ನಿಂತಿದ್ದ ನಮ್ಮ ಬಸ್ಸಿನವರೊಬ್ಬರು ಬಿಡಿಸಿ ಹೇಳಿದರು, ಇಲ್ಲಿ ಮೊದಲು ನಮಸ್ಕಾರ, ಆಮೇಲೆ ವ್ಯಾಪಾರ ಎಂದು. ನಮ್ಮ ಬಜಾರದಲ್ಲಿ ಗಿರಾಕಿ ಮೆಟ್ಟಿಲು ಹತ್ತಿದರೆ ಅಂಗಡಿಯವನು "ಬರ್ರಿ ಅಕ್ಕಾರ, ಕುಂದರ್ರಿ" ಎನ್ನಬೇಕು. ಇವರಲ್ಲಿ ಗಿರಾಕಿಯೇ ಬಾಗಬೇಕು. ಸಿಟ್ಟಿನಲ್ಲೇ ಬೊಂಜೂರ್ ಎಂದೆ. ಆಕೆ ಮುಖ ಅರಳಿಸಿ ನೀರು ಕೊಟ್ಟಳು.

ಬ್ರೆಡ್ಡಿನದೂ ಹಾಗೆಯೇ. ಮೊಳದುದ್ದದ ಬ್ರೆಡ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಒಯ್ಯುತ್ತಾರೆ. ಮೇಜಿನ ಮೇಲೆ ತಟ್ಟೆಯಿಲ್ಲದೆ ಹಾಗೆಯೇ ಇಡುತ್ತಾರೆ. ರೊಟ್ಟಿಯನ್ನು ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರೆ ನಮ್ಮತ್ತೆ ನನ್ನನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ನಮ್ಮವರು ಆ ಬ್ರೆಡ್ಡನ್ನು ಮುಟ್ಟಲಿಲ್ಲ. ಚೀಲದಲ್ಲಿ ತಂದ ಬೆಲ್ಲವನ್ನೇ ಸ್ವಲ್ಪ ಸ್ವಲ್ಪ ತಿಂದರು.

ಮರುದಿನ ಮೈಕಿನಲ್ಲಿ ಆ ದಿನದ ಕಾರ್ಯಕ್ರಮ ಹೇಳಿದರು. ನದಿಯಲ್ಲಿ ದೋಣಿ, ಆಮೇಲೆ ಸೆಂಟಿನ ಅಂಗಡಿ.

"ಸಾಹೇಬ್ರ, ಅಜ್ಜನ ಬ್ಯಾಟರಿ ಯಾವಾಗ್ರಿ?" ಎಂದು ನಮ್ಮವರು ಕೇಳಿದರು.

"ಮ್ಯೂಸಿಯಂ ಪ್ರೋಗ್ರಾಂದಾಗ ಇಲ್ರೀ. ಅಲ್ಲೇನೈತ್ರಿ, ಹಳೇ ತುಕ್ಕ ಹಿಡದ ಸಾಮಾನ. ಸೆಂಟ್ ತಗೋರಿ, ಅಕ್ಕಾರು ಖುಷಿ ಆಕ್ಕಾರ."

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು. ಬ್ಯಾಟರಿ ಮಾರಿ ಮನೆ ಕಟ್ಟಿದವರು, ಬ್ಯಾಟರಿಯ ಪುಣ್ಯದಿಂದ ಆ ಬಸ್ಸಿನಲ್ಲಿ ಕುಳಿತವರು, ಮೊದಲ ಬ್ಯಾಟರಿಯನ್ನು ನೋಡಲು ಒಬ್ಬರಿಗೂ ಮನಸ್ಸಿಲ್ಲ. ನಮ್ಮವರ ಹುಚ್ಚಿನ ಮೇಲೆ ನನಗೇ ಬೇಸರವಿತ್ತು, ಆದರೆ ಅದನ್ನು ಆಡಿಕೊಳ್ಳುವ ಹಕ್ಕು ನನ್ನದು, ಈ ಬಸ್ಸಿನದಲ್ಲ. ಬಸ್ಸು ಸಿಗ್ನಲ್ಲಿಗೆ ನಿಂತಾಗ ಕೈ ಹಿಡಿದು ಅವರನ್ನು ಇಳಿಸಿದೆ.

ಮೆಟ್ರೋ

ಪ್ಯಾರಿಸಿನಲ್ಲಿ ನೆಲದ ಕೆಳಗೆ ಓಡುವ ರೈಲಿಗೆ ಮೆಟ್ರೋ ಎನ್ನುತ್ತಾರೆ. ಹೋಟೆಲಿನವನೊಬ್ಬ ಮ್ಯೂಸಿಯಂ ಹತ್ತಿರದ ಸ್ಟೇಶನ್ನಿನ ಹೆಸರನ್ನು ಹಿಂದಿನ ದಿನವೇ ನಮ್ಮವರ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಟ್ಟಿದ್ದ. ಅದನ್ನು ಕಂಡಕಂಡವರಿಗೆ ತೋರಿಸುತ್ತ, ಎಲ್ಲರಿಗೂ ಮೊದಲು ಬೊಂಜೂರ್ ಹೇಳುತ್ತ ರೈಲು ಹತ್ತಿದೆವು.

ಅಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಯರಗಟ್ಟಿಯ ಬಸ್ಸಿನಲ್ಲಾಗಿದ್ದರೆ ಇಳಿಯುವುದರೊಳಗೆ ನಮ್ಮ ಮನೆತನ, ಎಷ್ಟು ಮಕ್ಕಳು, ಯಾಕೆ ಬಂದಿರಿ ಎಲ್ಲ ಮುಗಿದಿರುತ್ತಿತ್ತು. ಇಲ್ಲಿ ಎಲ್ಲರ ಕೈಯಲ್ಲೂ ಪುಸ್ತಕ. ನಮ್ಮ ಸ್ಟೇಶನ್ ಬಂತು. ರೈಲು ನಿಂತಿತು, ಬಾಗಿಲು ತೆರೆಯಲಿಲ್ಲ. ಆ ಹಳೆಯ ಡಬ್ಬಿಗಳಲ್ಲಿ ಇಳಿಯುವವರೇ ಬಾಗಿಲಿನ ಚಿಲಕ ಎತ್ತಬೇಕಂತೆ. ನಮ್ಮವರು ಚಿಲಕಕ್ಕೆ ಕೈ ಹಾಕಿದರು. ಅದು ಏಳಲಿಲ್ಲ.

"ಎತ್ತರಿ ಜಲ್ದಿ," ಎಂದೆ.

"ಎತ್ತಾಕತ್ತೇನಿ."

ಅವರ ಮಣಿಕಟ್ಟು ಬಾಳೆಯೆಲೆಯ ಹಾಗೆ ಜೋತುಬಿದ್ದಿತ್ತು. ಬೆರಳು ಚಿಲಕದ ಮೇಲೆ ಇದ್ದವು, ಕೈ ಮೇಲೇಳಲಿಲ್ಲ. ತುಂಬಿದ ಟ್ರ್ಯಾಕ್ಟರ್ ಬ್ಯಾಟರಿಯನ್ನು ಒಂದೇ ಕೈಯಲ್ಲಿ ಎತ್ತಿ ಒಗೆಯುತ್ತಿದ್ದ ಕೈ ಅದು. ಪಕ್ಕದಲ್ಲಿದ್ದ ಹುಡುಗಿ ಪುಸ್ತಕದಿಂದ ಕಣ್ಣು ತೆಗೆಯದೆ ಒಂದು ಬೆರಳಿನಿಂದ ಚಿಲಕ ಎತ್ತಿದಳು. ನಾವು ಇಳಿದೆವು.

"ಇದು ಎಷ್ಟ ದಿನದಿಂದ ಹಿಂಗ ಐತ್ರಿ?" ಎಂದು ಪ್ಲಾಟ್‌ಫಾರ್ಮಿನ ಮೇಲೆಯೇ ಕೇಳಿದೆ.

"ಬೀಗದ ಕೈ ತಿರುವಾಕ ಬರವಲ್ಲದಾಗಿತ್ತು. ನೀ ಹೆದರ್ತಿ ಅಂತ ಹೇಳಲಿಲ್ಲ."

ನಾನು ಅಲ್ಲಿಯೇ ಅವರ ಮೇಲೆ ಹರಿಹಾಯ್ದೆ. ಪ್ಯಾರಿಸಿನವರು ಆಗ ಮಾತ್ರ ಪುಸ್ತಕ ಬಿಟ್ಟು ನಮ್ಮನ್ನು ನೋಡಿದರು.

ಅಜ್ಜನ ಮುಂದೆ

ಮ್ಯೂಸಿಯಂ ಎಂದರೆ ಹಳೆಯ ಯಂತ್ರಗಳ ದೊಡ್ಡ ಮನೆ. ಕಾಲು ಸೋಲುವಷ್ಟು ತಿರುಗಿದ ಮೇಲೆ ಒಂದು ಗಾಜಿನ ಕಪಾಟಿನ ಮುಂದೆ ನಮ್ಮವರು ನಿಂತುಬಿಟ್ಟರು. ಒಂದು ಗಾಜಿನ ಭರಣಿ, ಅದರೊಳಗೆ ಚಾಪೆಯಂತೆ ಸುತ್ತಿದ ಎರಡು ಸೀಸದ ತಗಡು, ಒಂದಕ್ಕೊಂದು ತಾಗದಂತೆ ನಡುವೆ ರಬ್ಬರಿನ ಪಟ್ಟಿ. ನನಗೆ ಅದು ಉಪ್ಪಿನಕಾಯಿ ಭರಣಿಗಿಂತ ಹೆಚ್ಚೇನೂ ಕಾಣಲಿಲ್ಲ. ಅವರ ಕಣ್ಣು ಮಾತ್ರ ತುಂಬಿ ಬಂದವು.

"ನೋಡ, ಇಷ್ಟ. ಇದರ ಮ್ಯಾಲೆ ಏನೂ ಇಲ್ಲ. ನಾವು ಇವತ್ತ ಮಾರೂದೂ ಇದನ್ನ," ಎಂದರು.

ಆಮೇಲೆ ಅವರು ಮಾಡಿದ್ದನ್ನು ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಬೂಟು ಕಳಚಿ ಬದಿಗಿಟ್ಟರು. ಕಿಸೆಯಿಂದ ಬೆಲ್ಲದ ಚೂರು ತೆಗೆದು ಕಪಾಟಿನ ಅಂಚಿಗೆ ನೈವೇದ್ಯ ಇಟ್ಟು ಕೈ ಮುಗಿದರು. ಅಲ್ಲಿ ಕಾವಲಿಗಿದ್ದ ಎತ್ತರದ ಕಪ್ಪು ಹೆಂಗಸು ಓಡಿಬಂದು ಬೂಟಿನ ಕಡೆ, ಬೆಲ್ಲದ ಕಡೆ ಕೈ ಮಾಡಿ ಏನೋ ಗದರಿದಳು. ನಾನು ಆಕೆಗೆ ಎದುರು ನಿಂತೆ. ಇಬ್ಬರೂ ನಮ್ಮ ನಮ್ಮ ಭಾಷೆಯಲ್ಲಿ ಜೋರು ಮಾಡುತ್ತಿರುವಾಗಲೇ ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ನಮ್ಮವರು ಹೊಟ್ಟೆ ಹಿಡಿದು ನೆಲದ ಮೇಲೆ ಮುದುಡಿ ಬಿದ್ದಿದ್ದರು. ಬೈಯುತ್ತಿದ್ದ ಆ ಹೆಂಗಸೇ ಮಂಡಿಯೂರಿ ಅವರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಆಂಬ್ಯುಲೆನ್ಸ್ ಕರೆಸಿದಳು, ಹೊರಡುವಾಗ ಬೂಟುಗಳನ್ನು ತಂದು ನನ್ನ ಕೈಗೆ ಕೊಟ್ಟಳು.

ಆಸ್ಪತ್ರೆ

ಹೋಟೆಲಿನ ಕಾರ್ಡು ನನ್ನ ಚೀಲದಲ್ಲಿತ್ತು. ಆಸ್ಪತ್ರೆಯವರು ಫೋನು ಮಾಡಿ ಮ್ಯಾನೇಜರ್ ಸಾಹೇಬರನ್ನು ಕರೆಸಿದರು. ಅವರು ಸೆಂಟಿನ ಅಂಗಡಿಯಿಂದಲೇ ಬಂದಿದ್ದರು, ಮೈಯೆಲ್ಲ ಘಮಘಮ.

ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿದಳು. ಜೋತ ಕೈಯನ್ನು ಎತ್ತಿ ಬಿಟ್ಟು ನೋಡಿದಳು. ಆಮೇಲೆ ನಮ್ಮಲ್ಲಿ ಯಾವ ಡಾಕ್ಟರೂ ಮಾಡದ ಒಂದು ಕೆಲಸ ಮಾಡಿದಳು. ಕೆಳದುಟಿಯನ್ನು ಬೆರಳಿನಿಂದ ಮಡಚಿ ಒಸಡು ನೋಡಿದಳು. ಹಲ್ಲಿನ ಬುಡಕ್ಕೆ ಒಸಡಿನ ಅಂಚಿನಲ್ಲಿ ನೀಲಿ ಮಿಶ್ರಿತ ಕಪ್ಪು ಗೆರೆ ಇತ್ತು. ಎಲೆ ಅಡಿಕೆಯ ಕಲೆ ಎಂದು ನಾನು ಎಷ್ಟು ಸಲ ಬೈದಿದ್ದೆನೋ.

ಇವರ ಕೆಲಸವೇನು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದಳು. ಮ್ಯಾನೇಜರ್ ಮುಂದೆ ಬಂದು, ಇವರು ಅಂಗಡಿಯ ಮಾಲೀಕರು, ಸೇಲ್ಸ್ ಅಷ್ಟೇ, ಓನ್ಲಿ ಸೇಲ್ಸ್ ಎಂದರು. ನಾನು ಪಿಯುಸಿವರೆಗೆ ಓದಿದವಳು, ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

"ಯಾಕ ಸುಳ್ಳ ಹೇಳ್ತೀರಿ?" ಎಂದೆ.

"ಅಕ್ಕಾರ, ಸುಮ್ನಿರ್ರಿ. ಕೆಲಸದಿಂದ ಆಗೇತಿ ಅಂದ್ರ ಇನ್ಶೂರೆನ್ಸ್ ಕೊಡೂದಿಲ್ಲ. ಸುಮ್ಮ ಕಂಪನಿ ಹೆಸರೂ ಬರತೈತಿ."

ನಾನು ಅವರನ್ನು ಮೊಣಕೈಯಿಂದ ಸರಿಸಿ ಡಾಕ್ಟರ ಮುಂದೆ ಹೋಗಿ ನಿಂತೆ. "ನೋ ಸೇಲ್ಸ್. ಓಲ್ಡ್ ಬ್ಯಾಟರಿ. ಬ್ರೇಕ್. ಲೆಡ್. ಫೈರ್. ಮೈ ಹೌಸ್," ಎಂದೆ. ಒಡೆಯುವುದು, ಊದುವುದು, ಹೊಯ್ಯುವುದು ಎಲ್ಲವನ್ನೂ ಕೈಯಲ್ಲಿ ಮಾಡಿ ತೋರಿಸಿದೆ. ಕೊನೆಗೆ ಬೆಲ್ಲ ಎತ್ತಿ ಬಾಯಿಗೆ ಹಾಕಿಕೊಳ್ಳುವುದನ್ನೂ ತೋರಿಸಿದೆ. ಅದು ಔಷಧ ಎಂದು ಹೇಳಿದೆ. ಡಾಕ್ಟರು ಅದನ್ನು ಇನ್ನೊಮ್ಮೆ ತೋರಿಸು ಎಂದಳು. ಕೈ ತೊಳೆದು ತಿನ್ನುತ್ತಾರೋ ಎಂದು ಕೇಳಿದಳು. ಇಲ್ಲ ಎಂದೆ. ಆಕೆ ಮ್ಯಾನೇಜರ್ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದಳು.

"ಏನಂತಾರ, ಹೇಳ್ರಿ," ಎಂದೆ.

ಮ್ಯಾನೇಜರ್ ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಸೀಸದ ವಿಷ ಏರೇತಂತ್ರಿ. ರಕ್ತ ತಪಾಸ್ ಮಾಡಿ ಖಾತ್ರಿ ಮಾಡ್ತಾರಂತ. ಬೆಲ್ಲದಿಂದ ಏನೂ ತಡಿಯೂದಿಲ್ಲಂತ. ಕೈಯಾಗಿನ ಸೀಸ ಬೆಲ್ಲದ ಕೂಡ ಹೊಟ್ಟಿಗೆ ಹೊಕ್ಕೇತಂತ." ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೇ ಇರಬೇಕು, "ಹೆದರಬ್ಯಾಡ್ರಿ. ನಮ್ಮ ಫ್ಯಾಕ್ಟರ್ಯಾಗ ಕೆಲಸದವ್ರ ರಕ್ತ ತಪಾಸ್ ಮಾಡ್ತಿರ್ತೇವಿ. ಏರಿದವ್ರನ್ನ ಬ್ಯಾರೆ ಕೆಲಸಕ್ಕ ಹಾಕ್ತೇವಿ, ಅವ್ರು ಆರಾಮ ಆಕ್ಕಾರ," ಎಂದರು.

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅವರ ಎದುರಿಗೆ ಹೋಗಿ ನಿಂತೆ.

"ಅಂದ್ರ ನಿಮಗ ಗೊತ್ತಿತ್ತು," ಎಂದೆ. "ಫ್ಯಾಕ್ಟರ್ಯಾಗಿನವ್ರಿಗೆ ರಕ್ತ ತಪಾಸ್. ನಮಗ ಬೆಲ್ಲ."

ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿದ್ದ ಖುರ್ಚಿ ಎತ್ತಿ ಅವರ ಮೇಲೆ ಹಾಕಬೇಕು ಎನಿಸಿತು. ಹಾಕಿದ್ದರೂ ತಪ್ಪಿರಲಿಲ್ಲ. ಖುರ್ಚಿಯನ್ನು ನೆಲಕ್ಕೆ ಬಿಗಿದಿದ್ದರು.

ಬಸ್ಸು ಸ್ವಿಟ್ಜರ್ಲೆಂಡಿಗೆ ಹೋಯಿತು. ನಾವು ಆಸ್ಪತ್ರೆಯಲ್ಲಿ ಉಳಿದೆವು. ರಕ್ತದ ವರದಿ ಬಂತು, ಡಾಕ್ಟರು ಹೇಳಿದ್ದೇ ನಿಜವಾಯಿತು. ಮೈಯೊಳಗಿನ ಸೀಸವನ್ನು ಹಿಡಿದು ಹೊರಗೆ ಹಾಕುವ ಔಷಧವನ್ನು ಸಲೈನಿನಲ್ಲಿ ಕೊಟ್ಟರು. ನೋವು ಇಳಿಯುತ್ತ ಬಂತು. ಪಕ್ಕದ ಹಾಸಿಗೆಯ ಮುದುಕ ಊಟದ ಕೊನೆಗೆ ವಾಸನೆ ಹೊಡೆಯುವ ಚೀಸು ತಿನ್ನುತ್ತ ನಮಗೂ ಒಂದು ತುಂಡು ಚಾಚುತ್ತಿದ್ದ. ನಾನು ದಿನವೂ ಬೇಡ ಎನ್ನುತ್ತಿದ್ದೆ, ಅವನು ದಿನವೂ ಚಾಚುತ್ತಿದ್ದ.

ಒಂದು ಮಧ್ಯಾಹ್ನ ನಾನು ಅಜ್ಜನಿಗೂ ಬೈದೆ. ಎಲ್ಲಿಂದ ತಂದನೋ ಈ ಸೀಸ, ಹಕ್ಕಿಯ ಎಲುಬು ಹುಡುಕಿಕೊಂಡೇ ಇರಬಾರದಿತ್ತೇ ಎಂದು. ನಮ್ಮವರು ಮಲಗಿದಲ್ಲಿಂದಲೇ ತಡೆದರು.

"ಅಜ್ಜಗ ಬೈಬ್ಯಾಡ. ಅಂವ ಭರಣ್ಯಾಗ ಇಟ್ಟಿದ್ದ. ಹಿತ್ತಲದಾಗ ಕರಗಸ್ರಿ ಅಂತ ಅಂವ ಹೇಳಿಲ್ಲ."

"ಹೇಳಿದವ್ರಿಗೆ ನೀವು ಏನಂದ್ರಿ? ಅವರು ಬಂದಾಗೆಲ್ಲ ಖುರ್ಚಿ ಹಾಕಿ ಚಾ ಕುಡಿಸಿ ಕಳಿಸಿದ್ರಿ," ಎಂದೆ.

ಅವರು ಗೋಡೆಯ ಕಡೆ ಹೊರಳಿದರು. ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರಳಿ: ಕಿತ್ತೂರು, ಸವದತ್ತಿ, ರಾಮದುರ್ಗ

ಊರಿಗೆ ಬಂದ ದಿನವೇ ಭಟ್ಟಿ ಕೆಡವಿಸಿದೆ. ದಸ್ತಗೀರನನ್ನು ಹಿಡಿದು ಕೂರಿಸಿ ತುಟಿ ಮಡಚಿದೆ. ಗೆರೆ ಇತ್ತು. ಅವನನ್ನೂ ಬೆಳಗಾವಿಗೆ ಕರೆದೊಯ್ದು, ಪ್ಯಾರಿಸಿನ ಡಾಕ್ಟರು ಕೊಟ್ಟ ಚೀಟಿಯನ್ನು ಅಲ್ಲಿಯ ಡಾಕ್ಟರ ಮೇಜಿನ ಮೇಲೆ ಹಾಕಿ, ಗ್ಯಾಸು ಎಂದರೆ ಇಲ್ಲಿಂದ ಏಳುವುದಿಲ್ಲ ಎಂದೆ. ಕಂಪನಿಯ ಲಾರಿ ಬಂತು, ಬರಿಗೈಯಲ್ಲಿ ಹೋಯಿತು. ಆಮೇಲೆ ಬರಲಿಲ್ಲ.

ಬರಲಿಲ್ಲ ಎಂದರೆ ನಮ್ಮ ಮನೆಗೆ ಬರಲಿಲ್ಲ. ಸುದ್ದಿ ಗೊತ್ತಾಗುವುದರೊಳಗೆ ಕೆಲವು ತಿಂಗಳು ಕಳೆದಿತ್ತು. "ಕಿತ್ತೂರು, ಸೌದತ್ತಿ, ರಾಮದುರ್ಗದಾಗ ಈಗ ಅವ್ರವ್ರ ಭಟ್ಟಿ ಹೂಡ್ಯಾರಂತ. ಲಾರಿ ಅಲ್ಲೇ ಹೊಕ್ಕೇತಿ," ಎಂದರು ನಮ್ಮವರು. ಅವರ ಕೈ ಇನ್ನೂ ಪೂರ್ತಿ ಎದ್ದಿರಲಿಲ್ಲ, ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಮರುದಿನ ನಾನು ಬಸ್ಸು ಹತ್ತಿದೆ.

ಕಿತ್ತೂರಿನ ಅಂಗಡಿಯವನು ಬಾಯಿ ತೆರೆಯಲೊಪ್ಪಲಿಲ್ಲ. "ಅಕ್ಕಾರ, ನಾ ಏನ್ ಸಂತ್ಯಾಗಿನ ಎತ್ತೇನ್ರಿ, ಹಲ್ಲ ತೋರ್ಸಾಕ?" ಎಂದ. ಎತ್ತಾಗಿದ್ದರೆ ನಿನ್ನನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು ಎಂದು ಹೇಳಿ, ನಾಲ್ಕು ಜನರ ಮುಂದೆ ಅವನ ತುಟಿ ಹಿಡಿದು ಮಡಚಿದೆ. ಗೆರೆ ಆಗಲೇ ಮೂಡಿತ್ತು. ಸವದತ್ತಿಯವನು ನಗುತ್ತಲೇ ತೋರಿಸಿದ. ಟೆಂಪೋದ ಕನ್ನಡಿಯಲ್ಲಿ ತನ್ನ ಒಸಡು ತಾನೇ ನೋಡಿಕೊಂಡ ಮೇಲೆ ಅವನ ನಗು ನಿಂತಿತು. ಇಬ್ಬರೂ ಯೋಚನೆ ಮಾಡುತ್ತೇವೆ ಎಂದರು. ಬೈದೇ ಬಂದೆ.

ರಾಮದುರ್ಗದಲ್ಲಿ ಅಂಗಡಿಯವನು ಕಟಕೋಳಕ್ಕೆ ಬ್ಯಾಟರಿ ಮುಟ್ಟಿಸಲು ಹೋಗಿದ್ದ. ಹಿತ್ತಲಿನಲ್ಲಿ ಅವನ ಹೆಂಡತಿ ಮಹಾದೇವಿ ಹೊಸ ಭಟ್ಟಿಗೆ ಗಾಳಿ ಹಾಕುತ್ತಿದ್ದಳು. ನನಗೆ ಮಗಳಾಗುವಷ್ಟು ವಯಸ್ಸಿನವಳು, ಚುರುಕು ಬಾಯಿ. ನಾನು ಎಲ್ಲವನ್ನೂ ಹೇಳಿದೆ. ಕೈ, ಹೊಟ್ಟೆ, ಒಸಡು, ಪ್ಯಾರಿಸಿನ ಡಾಕ್ಟರು. ಆಕೆ ಬೀಸಣಿಗೆ ಕೆಳಗಿಟ್ಟು ಕೇಳಿದಳು.

"ಎಲ್ಲಾ ಗಂಡಸರ ಬಾಯಿ ನೋಡಕೋತ ಬಂದ್ರಿ," ಎಂದಳು. "ಅಕ್ಕಾರ, ನಿಮ್ಮ ಬಾಯಿ ಯಾರ ನೋಡ್ಯಾರ್ರಿ?"

ನನಗೇನಾಗಿದೆ ಎನ್ನಲು ಹೋದೆ. ಭಟ್ಟಿಯ ಬೂದಿ ಜರಡಿ ಹಿಡಿಯುತ್ತಿದ್ದವಳು ನಾನೇ ಎಂಬುದು ನೆನಪಾಯಿತು. ಆಕೆ ಎದ್ದು ಕೈ ತೊಳೆದು ಬಂದಳು. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು. ಹೆಬ್ಬೆರಳಿನಿಂದ ತುಟಿ ಮಡಚಿದಳು. ನಾನು ಆಕೆಯ ಮುಖ ನೋಡುತ್ತಿದ್ದೆ. ಇಷ್ಟು ಹೊತ್ತು ಚುರುಕಾಗಿದ್ದ ಆ ಮುಖ ಬಾಡಿತು. ಆಕೆ ಮೆಲ್ಲಗೆ ಕೈ ತೆಗೆದಳು.

"ಅಕ್ಕಾರ, ಕುಂದರ್ರಿ," ಎಂದಳು.

ನಾನು ಕೂರಲಿಲ್ಲ. "ಮೊದಲ ಆ ಭಟ್ಟಿ ಆರಸು," ಎಂದೆ.